ತಾರಸಿಯ ತರಕಾರಿಗೆ ಬಕೆಟ್ಟೋ, ಪೆಟ್ಟಿಗೆಯೋ, ಪೈಪೋ?

ತಾರಸಿ ತೋಟ ಮಾಡಬೇಕೆಂದು ಹೊರಟವರ ಕಣ್ಣು ಮೊದಲು ಬೀಳುವುದು ಮಣ್ಣಿಲ್ಲದೆ ಗೊಬ್ಬರದ ನೀರಿನಲ್ಲೇ ಬೆಳೆಸುವ ಬಿಳಿ ಪೈಪುಗಳ ಹೈಡ್ರೋಪೋನಿಕ್ಸ್ ಕಿಟ್ ಮೇಲೆ. ನೋಡಲು ಚೆಂದವೇ. ಆದರೆ ಅದರಲ್ಲಿ ಬದನೆಯೋ ಬೆಂಡೆಯೋ ಬೆಳೆಯಹೊರಟರೆ ಪಾಡು ಬೇಡ. ಬೇರಿಗೆ ನೀರು ಎಷ್ಟು ಬೇಕೋ ಗಾಳಿಯೂ ಅಷ್ಟೇ ಬೇಕು. ಎರಡನ್ನೂ ಒಟ್ಟಿಗೆ ಒದಗಿಸುವ ಕೆಲಸವನ್ನು ಒಂದೊಂದು ವ್ಯವಸ್ಥೆ ಒಂದೊಂದು ರೀತಿ ಮಾಡುತ್ತದೆ. ಕಾಯಿ ಬಿಡುವ ಗಿಡಕ್ಕೆ ಬಕೆಟ್, ಸೊಪ್ಪಿಗೆ ಪೆಟ್ಟಿಗೆ ಎಂದಿಟ್ಟುಕೊಳ್ಳಿ. ಪೈಪು ಆಮೇಲಿನ ಮಾತು. ಇಲ್ಲಿನ ಲೆಕ್ಕಗಳು ಬೆಂಗಳೂರು, ಮೈಸೂರಿನ ಹವೆಗೆ ಹೊಂದುವಂಥವು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಮಣ್ಣಿಲ್ಲದ ಕೃಷಿಯ ಆಸೆಯನ್ನು ಮಳೆಗಾಲದವರೆಗೆ ಮುಂದೂಡುವುದೇ ವಾಸಿ.

ತೂಕ ಮತ್ತು ನೀರು

12 ಇಂಚು ಅಗಲ, 12 ಇಂಚು ಎತ್ತರದ ಒಂದು ಗ್ರೋ ಬ್ಯಾಗ್ ಸುಮಾರು 21 ಲೀಟರ್ ಮಣ್ಣು ಹಿಡಿಯುತ್ತದೆ. ನೀರು ಕುಡಿದ ಮೇಲೆ ಅದರ ತೂಕ 20 ಕೆ.ಜಿ. ದಾಟುತ್ತದೆ. ಒಂದು ಚದರ ಮೀಟರ್‌ನಲ್ಲಿ ಇಂಥ ಒಂಬತ್ತು ಚೀಲ ಒತ್ತಾಗಿ ಇಟ್ಟರೆ 180ರಿಂದ 200 ಕೆ.ಜಿ. ಆಯಿತು. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕದ ಪ್ರಕಾರ ಲೆಕ್ಕ ಹಿಡಿಯುವ ಭಾರವೇ ಚದರ ಮೀಟರ್‌ಗೆ ಸುಮಾರು 150 ಕೆ.ಜಿ. ಆದ್ದರಿಂದ ಚೀಲ, ಬಕೆಟ್‌ಗಳನ್ನು ತಾರಸಿಯ ನಡುವೆ ಗುಂಪು ಹಾಕಬೇಡಿ. ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆ ಬಿಡಿಬಿಡಿಯಾಗಿ ಇಡಿ. ಹಳೆಯ ಕಟ್ಟಡವಾದರೆ ಎಂಜಿನಿಯರ್ ಒಬ್ಬರನ್ನು ಕೇಳಿಯೇ ಮುಂದುವರಿಯಿರಿ.

ಇನ್ನು ನೀರು. ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ ಟಿಡಿಎಸ್ ಮೀಟರ್ ಒಂದು ಕೈಯಲ್ಲಿರಲಿ. 300 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಒಳಗಿನ ನೀರು ಮಣ್ಣಿಲ್ಲದ ಕೃಷಿಗೆ ಧಾರಾಳವಾಗಿ ಆಗುತ್ತದೆ. ಬೋರ್‌ವೆಲ್ ನೀರು 500 ದಾಟಿದ್ದರೆ ಅದು ಮಣ್ಣಿನ ಬಕೆಟ್‌ಗೆ ಹೋಗಲಿ, ಪೆಟ್ಟಿಗೆಗೆ ಮಳೆನೀರನ್ನೋ ಮಳೆನೀರು ಬೆರೆಸಿದ ನೀರನ್ನೋ ಬಳಸಿ. ಗಡಸು ನೀರಿನಲ್ಲಿ ಪಿಎಚ್ (ಆಮ್ಲ-ಕ್ಷಾರದ ಅಳತೆ) ಏರುತ್ತಲೇ ಇರುತ್ತದೆ, ಕಬ್ಬಿಣಾಂಶ ಗಿಡಕ್ಕೆ ದಕ್ಕದೆ ಎಳೆಯ ಎಲೆ ಹಳದಿಯಾಗುತ್ತದೆ.

ಕೆಳಗಿನಿಂದ ನೀರು ಕುಡಿಯುವ ಬಕೆಟ್

ಟೊಮೆಟೊ, ಬದನೆ, ಮೆಣಸಿನಕಾಯಿ, ಬೆಂಡೆಗೆ ಇದಕ್ಕಿಂತ ಒಳ್ಳೆಯದು ನಮ್ಮ ತಾರಸಿಗಳಲ್ಲಿ ಇಲ್ಲ. ಎರಡು ದಿನ ಊರಿಗೆ ಹೋಗಿ ಬಂದರೂ ಗಿಡ ಬದುಕಿರುತ್ತದೆ.

1. 20 ಲೀಟರ್‌ನ ಎಮಲ್ಷನ್ ಪೇಂಟ್ ಬಕೆಟ್ ತೊಳೆದುಕೊಳ್ಳಿ. ಆಯಿಲ್ ಪೇಂಟ್, ಥಿನ್ನರ್ ಇದ್ದ ಡಬ್ಬ ಬೇಡ.

2. ಸುಮಾರು 8 ಸೆಂ.ಮೀ. ಎತ್ತರದ ನಾಲ್ಕು ಮೊಸರಿನ ಡಬ್ಬಿಗಳಿಗೆ ಸುತ್ತಲೂ, ತಳದಲ್ಲೂ ತೂತು ಮಾಡಿ. ಮೂರನ್ನು ಬಕೆಟ್ಟಿನ ತಳದಲ್ಲಿ ಬೋರಲು ಹಾಕಿ. ನಾಲ್ಕನೆಯದಕ್ಕೆ ನೆನೆಸಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒತ್ತಿ ತುಂಬಿ, ಬಾಯಿ ಮೇಲಾಗಿ ನಡುವೆ ಇಡಿ. ಇದೇ ಬತ್ತಿ. ನೀರು ಮೇಲೇರುವುದು ಇದರ ಮೂಲಕ.

3. ಬಕೆಟ್‌ನ ಹೊರಮೈಗೆ ತಳದಿಂದ 7 ಸೆಂ.ಮೀ. ಮೇಲೆ ಒಂದು ತೂತು ಕೊರೆಯಿರಿ. ಹೆಚ್ಚಾದ ನೀರು ಹೋಗುವ ದಾರಿ ಇದು. ಇದನ್ನು ಮರೆತರೆ ಮೊದಲ ಜೋರು ಮಳೆಗೇ ಬೇರು ಕೊಳೆಯುತ್ತದೆ.

4. ಒಂದು ಇಂಚಿನ ಪಿವಿಸಿ ಪೈಪನ್ನು 45 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಕೆಳತುದಿಯನ್ನು ಓರೆಯಾಗಿ ಕೊಯ್ದು ಬಕೆಟ್ಟಿನೊಳಗೆ ಅಂಚಿನಲ್ಲಿ ನಿಲ್ಲಿಸಿ. ತಳಕ್ಕೆ ನೀರು ತುಂಬುವುದು ಇದರ ಮೂಲಕ. ಮೇಲಿನ ಬಾಯಿಗೂ ಹೊರಗಿನ ತೂತಿಗೂ ಸೊಳ್ಳೆಪರದೆಯ ಬಟ್ಟೆ ಕಟ್ಟಲೇಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ.

5. ಡಬ್ಬಿಗಳ ಮೇಲೆ ಹಳೆಯ ಶೇಡ್ ನೆಟ್ ಎರಡು ಮಡಿಕೆ ಹಾಸಿ, ಬತ್ತಿಯ ಬಾಯಿಯಷ್ಟು ಜಾಗ ಕತ್ತರಿಸಿ ತೆಗೆಯಿರಿ. ಕೋಕೋಪೀಟ್ ಎರಡು ಪಾಲು, ಎರೆಗೊಬ್ಬರ ಎರಡು ಪಾಲು, ಕೆಂಪು ಮಣ್ಣು ಒಂದು ಪಾಲು, ಜೊತೆಗೆ 100 ಗ್ರಾಂ ಬೇವಿನ ಹಿಂಡಿ ಬೆರೆಸಿ ತುಂಬಿ. ಮಣ್ಣು ಹೆಚ್ಚಾದರೆ ಸದಾ ಕೆಸರಾಗಿ ಗಾಳಿ ಆಡುವುದಿಲ್ಲ.

ಅಗ್ಗದ ಕೋಕೋಪೀಟ್‌ನಲ್ಲಿ ಉಪ್ಪಿನಂಶ ಬಹಳ. ಇಟ್ಟಿಗೆಯಾಕಾರಕ್ಕೆ ಒತ್ತಿ ಮಾರುವ ಅದನ್ನು ನೆನೆಸಿ, ಹಿಂಡಿ, ನೀರು ಬದಲಿಸಿ ಎರಡು ಮೂರು ಸಲ ತೊಳೆದೇ ಬಳಸಿ.

ಸಸಿ ನೆಟ್ಟ ಮೊದಲ ಹತ್ತು ದಿನ ಮೇಲಿನಿಂದಲೇ ನೀರು ಹಾಕಿ, ಬೇರು ಕೆಳಗಿಳಿದ ಮೇಲೆ ಪೈಪಿನಿಂದ. ಒಂದು ಬಕೆಟ್‌ಗೆ ಟೊಮೆಟೊ ಅಥವಾ ಬದನೆ ಒಂದೇ ಗಿಡ, ಬೆಂಡೆಯಾದರೆ ಎರಡು. ಬೇಸಿಗೆಯಲ್ಲಿ ಬೆಳೆದುನಿಂತ ಟೊಮೆಟೊ ಗಿಡ ದಿನಕ್ಕೆ 2 ಲೀಟರ್‌ವರೆಗೂ ಎಳೆಯುವುದರಿಂದ ಆಗ ದಿನವೂ ತುಂಬಬೇಕಾಗುತ್ತದೆ. ಬಕೆಟ್ಟಿನ ತಳದ ನೀರು ಒಮ್ಮೆ ಬರಿದಾಗಿ ಒಮ್ಮೆ ತುಂಬಿದರೆ ಕಾಯಿಯ ತಳ ಕಪ್ಪಾಗಿ ಕೊಳೆಯುತ್ತದೆ. ಅದು ರೋಗವಲ್ಲ, ನೀರು ಏರುಪೇರಾಗಿ ಕಾಯಿಗೆ ಕ್ಯಾಲ್ಸಿಯಂ ತಲುಪದ ಫಲ. ಔಷಧಿ ಸಿಂಪಡಿಸಿ ಉಪಯೋಗವಿಲ್ಲ. ಮಣ್ಣಿನ ಮೇಲೆ ಬಿಳಿ ಪದರ ಕಂಡರೆ ಉಪ್ಪು ಮೇಲೆದ್ದಿದೆ ಎಂದರ್ಥ, ತಿಂಗಳಿಗೊಮ್ಮೆ ಐದಾರು ಲೀಟರ್ ನೀರು ಮೇಲಿನಿಂದ ಸುರಿದು ತೂತಿನಿಂದ ಹರಿಯಬಿಡಿ.

ತಳಿಗಳ ಮಟ್ಟಿಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಬೀಜ ಸಿಕ್ಕರೆ ಬೇರೆ ಹುಡುಕಬೇಡಿ. ಹಳದಿ ನಂಜುರೋಗ ತಡೆಯುವ ಬೆಂಡೆ ಅರ್ಕಾ ಅನಾಮಿಕಾ. ಎಲೆಮುದುಡು, ದುಂಡಾಣು ಸೊರಗು ಎರಡನ್ನೂ ತಾಳುವ ಟೊಮೆಟೊ ಅರ್ಕಾ ರಕ್ಷಕ್. ಇದು ಹೈಬ್ರಿಡ್ ಆದ್ದರಿಂದ ಬೀಜ ಎತ್ತಿಟ್ಟುಕೊಳ್ಳಲಾಗದು.

ಪಂಪ್ ಇಲ್ಲದ ಸೊಪ್ಪಿನ ಪೆಟ್ಟಿಗೆ

ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರ್ಯಾಟ್ಕಿ ರೂಪಿಸಿದ ವಿಧಾನವಿದು. ಕರೆಂಟೂ ಇಲ್ಲ, ಪಂಪೂ ಇಲ್ಲ. ಲೆಟ್ಯೂಸ್, ಪಾಲಕ್, ಹರಿವೆ, ಪುದೀನ ಇದರಲ್ಲಿ ಚೆನ್ನಾಗಿ ಬರುತ್ತವೆ.

ಮುಚ್ಚಳವಿರುವ 25 ಲೀಟರ್‌ನ ಪ್ಲಾಸ್ಟಿಕ್ ಪೆಟ್ಟಿಗೆಯ ಮುಚ್ಚಳಕ್ಕೆ ಆರು ತೂತು ಸಾಕು. ಒಂದು ಲೆಟ್ಯೂಸ್ ಗಿಡ ಕೊಯ್ಲಿನವರೆಗೆ ಸುಮಾರು 4 ಲೀಟರ್ ದ್ರಾವಣ (ಗೊಬ್ಬರ ಕರಗಿಸಿದ ನೀರು) ಕುಡಿಯುತ್ತದೆ. ಪೆಟ್ಟಿಗೆಯೊಳಗೆ ಬೆಳಕು ಹೋದರೆ ಪಾಚಿ ಕಟ್ಟುತ್ತದೆ. ಅದಕ್ಕೆ ಹೊರಗೆ ಮೊದಲು ಕಪ್ಪು ಬಣ್ಣ, ಅದು ಬಿಸಿಲು ಹೀರಿ ಕಾಯದಂತೆ ಮೇಲೆ ಬಿಳಿ. ಸ್ಪಂಜಿನ ತುಂಡಿನಲ್ಲಿ ಬೀಜ ಮೊಳೆಸಿ, ಮೂರು ನಾಲ್ಕು ಎಲೆ ಬಂದ ಮೇಲೆ ಮುಚ್ಚಳದ ತೂತಿಗೆ ಹೊಂದುವ, ಸುತ್ತ ಜಾಲರಿಯಿರುವ ಎರಡು ಇಂಚಿನ ನೆಟ್ ಪಾಟ್‌ಗೆ ಕೂರಿಸಿ.

ಗೊಬ್ಬರದಲ್ಲೇ ಹೆಚ್ಚಿನವರು ಎಡವುವುದು. ಅಂಗಡಿಯಲ್ಲಿ ಸಿಗುವ 19:19:19 ಗೊಬ್ಬರ ಇಲ್ಲಿ ನಡೆಯದು. ಅದರ ಸಾರಜನಕದ ದೊಡ್ಡ ಪಾಲು ಯೂರಿಯಾ ರೂಪದ್ದು, ಅದನ್ನು ಒಡೆದುಕೊಡುವ ಮಣ್ಣಿನ ಸೂಕ್ಷ್ಮಜೀವಿಗಳು ಪೆಟ್ಟಿಗೆಯಲ್ಲಿಲ್ಲ. ಕ್ಯಾಲ್ಸಿಯಂ ಅಂತೂ ಅದರಲ್ಲಿಲ್ಲವೇ ಇಲ್ಲ. ಸಗಣಿ, ಗಂಜಲ ಕೊಳೆಸಿದ ಜೀವಾಮೃತ ಸುರಿದರೆ ನೀರಿನ ಆಮ್ಲಜನಕ ಮುಗಿದು ನಾರುತ್ತದೆ. ಎ ಮತ್ತು ಬಿ ಎಂದು ಎರಡು ಬಾಟಲಿಯಲ್ಲಿ ಬರುವ ಹೈಡ್ರೋಪೋನಿಕ್ಸ್ ಗೊಬ್ಬರವನ್ನೇ ತನ್ನಿ. ಪೂರ್ತಿ ನೀರಿಗೆ ಎ ಹಾಕಿ ಕಲಕಿ, ಆಮೇಲೆ ಬಿ. ಎರಡನ್ನೂ ನೇರವಾಗಿ ಬೆರೆಸಿದರೆ ಕ್ಯಾಲ್ಸಿಯಂ ಗಸಿಯಾಗಿ ತಳ ಸೇರುತ್ತದೆ. ಇಸಿ (ದ್ರಾವಣದ ವಿದ್ಯುತ್ ವಾಹಕತೆ, ಅಂದರೆ ಗೊಬ್ಬರದ ಸಾಂದ್ರತೆಯ ಅಳತೆ) 1.2ರಿಂದ 1.6, ಪಿಎಚ್ 5.5ರಿಂದ 6.5 ಇರಲಿ. ಪಿಪಿಎಂ ತೋರಿಸುವ ಮೀಟರ್‌ಗಳಲ್ಲಿ ಕೆಲವು ಇಸಿ 1ಕ್ಕೆ 500 ಎನ್ನುತ್ತವೆ, ಕೆಲವು 700 ಎನ್ನುತ್ತವೆ. ಇಸಿಯನ್ನೇ ತೋರಿಸುವ ಮೀಟರ್ ಕೊಂಡರೆ ಈ ಗೊಂದಲವಿಲ್ಲ. ಪಿಎಚ್ ಇಳಿಸಲು ನಿಂಬೆರಸ ಹಿಂಡಿದರೆ ಒಂದೆರಡು ದಿನದಲ್ಲಿ ಮತ್ತೆ ಏರುತ್ತದೆ. ಅಂಗಡಿಯ ಪಿಎಚ್ ಡೌನ್ ದ್ರಾವಣವನ್ನು ಹನಿ ಹನಿಯಾಗಿ ಹಾಕಿ.

ನೆಟ್ ಪಾಟ್‌ನ ತಳ ಒಂದು ಸೆಂ.ಮೀ. ಮುಳುಗುವಷ್ಟು ದ್ರಾವಣ ತುಂಬಿ ಸುಮ್ಮನಿದ್ದುಬಿಡಿ. ಗಿಡ ಕುಡಿದಂತೆ ಮಟ್ಟ ಇಳಿದು, ತೆರೆದ ಜಾಗದಲ್ಲಿ ಬೇರಿನ ಮೇಲ್ಭಾಗ ಬಿಳಿ ರೋಮ ಬಿಟ್ಟು ಗಾಳಿ ಹೀರತೊಡಗುತ್ತದೆ. ನೀರು ಕಡಿಮೆಯಾಯಿತೆಂದು ಅಂಚಿನವರೆಗೆ ಮತ್ತೆ ತುಂಬಿದರೆ ಆ ಬೇರು ಉಸಿರುಗಟ್ಟಿ ಗಿಡ ಬಾಡುತ್ತದೆ. ತೀರಾ ತಳಕ್ಕಿಳಿದರೆ ಪೆಟ್ಟಿಗೆಯ ಮೂರನೇ ಒಂದು ಭಾಗದಷ್ಟು ತುಂಬಿ, ಅದಕ್ಕಿಂತ ಹೆಚ್ಚು ಬೇಡ. ಮಳೆನೀರು ಒಳಗಿಳಿದರೂ ಇದೇ ಗತಿ, ಆದ್ದರಿಂದ ಪೆಟ್ಟಿಗೆಗೆ ಮೇಲೊಂದು ಮರೆ ಇರಲಿ. ದ್ರಾವಣದ ಉಷ್ಣತೆ 28 ಡಿಗ್ರಿ ದಾಟಿದರೆ ಬೇರು ಕಂದಾಗಿ ಲೋಳೆಗಟ್ಟುತ್ತದೆ. ಮಾರ್ಚ್‌ನಿಂದ ಮೇವರೆಗೆ 50 ಶೇಕಡಾ ಶೇಡ್ ನೆಟ್ ಕೆಳಗಿಟ್ಟು ಹರಿವೆ ಬೆಳೆಯಿರಿ. ಆ ಬಿಸಿಲಿಗೆ ಲೆಟ್ಯೂಸ್ ಹೂದಂಟು ಎತ್ತಿ ಕಹಿಯಾಗುತ್ತದೆ.

ಪೈಪು ಯಾರಿಗೆ?

ವಾರ ವಾರ ಸೊಪ್ಪು ಬೇಕು, ಮನೆಯಲ್ಲಿ ಯುಪಿಎಸ್ ಇದೆ ಎನ್ನುವವರಿಗೆ. ಇದರಲ್ಲಿ ಪಂಪ್ ತೊಟ್ಟಿಯ ದ್ರಾವಣವನ್ನು ಪೈಪುಗಳಲ್ಲಿ ಸದಾ ಹರಿಸುತ್ತಿರಬೇಕು. 3 ಮೀಟರ್ ಪೈಪಿಗೆ 7.5 ಸೆಂ.ಮೀ. ಇಳಿಜಾರು, ಒಂದೊಂದು ಸಾಲಿಗೂ ನಿಮಿಷಕ್ಕೆ 1ರಿಂದ 2 ಲೀಟರ್ ಹರಿವು, ನೆರಳಲ್ಲಿ 50 ಲೀಟರ್ ತೊಟ್ಟಿ. ದುಂಡು ಪೈಪಿಗಿಂತ ಚಪ್ಪಟೆ ತಳದ್ದು ಮೇಲು, ನೀರು ತೆಳುವಾಗಿ ಹರಡುತ್ತದೆ. ಮಧ್ಯಾಹ್ನ ಕರೆಂಟ್ ಹೋದರೆ ಒಂದೆರಡು ಗಂಟೆಯಲ್ಲೇ ಗಿಡ ತಲೆ ಬಾಗಿಸುತ್ತದೆ.

ಲೆಟ್ಯೂಸ್ ಬೀಜವನ್ನು ಅಕ್ಟೋಬರ್ ಕೊನೆಯಿಂದ ಹದಿನೈದು ದಿನಕ್ಕೊಂದು ಪೆಟ್ಟಿಗೆಯಂತೆ ಹಾಕುತ್ತ ಹೋದರೆ ಫೆಬ್ರವರಿವರೆಗೆ ಕೊಯ್ಲು ನಿಲ್ಲುವುದಿಲ್ಲ. ಕೊಯ್ಲಾದ ಮೇಲೆ ಪೆಟ್ಟಿಗೆಯಲ್ಲಿ ಉಳಿದ ದ್ರಾವಣವನ್ನು ಚರಂಡಿಗೆ ಚೆಲ್ಲಬೇಡಿ. ಅಷ್ಟೇ ನೀರು ಬೆರೆಸಿ ಟೊಮೆಟೊ ಬಕೆಟ್‌ಗಳಿಗೆ ಮೇಲಿನಿಂದ ಹಾಕಿ.