ಮ್ಯೂಸಿಕ್ ವಿಡಿಯೋ ಶೂಟಿಂಗ್: ಹೊರಡುವ ಮುನ್ನ ಸುರಕ್ಷತೆ

ಶೂಟಿಂಗ್ ನಡೆಯಬೇಕಾದ ಹೊತ್ತಿನಲ್ಲೇ ಜಾಗ ನೋಡಿ ಬನ್ನಿ. ಬೆಳಿಗ್ಗೆ ಖಾಲಿಯಿದ್ದ ರಸ್ತೆ ಸಂಜೆ ಹಾಗಿರುವುದಿಲ್ಲ. ಅನುಮತಿ ಬರಹದಲ್ಲಿರಲಿ. ರೈಲು ಹಳಿ, ತಡೆಗೋಡೆಯಿಲ್ಲದ ತಾರಸಿ ಎಷ್ಟೇ ಚೆನ್ನಾಗಿ ಕಂಡರೂ ಬೇಡ.

ಕ್ಯಾಮೆರಾ ಹಿಡಿದು ಹಿಂದಕ್ಕೆ ನಡೆಯುವವರ ಕಣ್ಣು ಪರದೆಯ ಮೇಲಿರುತ್ತದೆ, ಕಾಲು ಎಲ್ಲೋ. ಅವರ ಬೆನ್ನಿಗೆ ಕೈಯಿಟ್ಟು ದಾರಿ ತೋರಿಸಲು ಒಬ್ಬರು ಬೇಕೇ ಬೇಕು. ಆ ಹೊತ್ತಿನಲ್ಲಿ ದಾರಿ ತೋರಿಸುವವರಿಗೆ ಬೇರೆ ಕೆಲಸ ಹಚ್ಚಬೇಡಿ.

ಗಾಳಿಗೆ ಸಾಫ್ಟ್‌ಬಾಕ್ಸ್ (ಬೆಳಕು ಮೃದುವಾಗಲು ದೀಪಕ್ಕೆ ತೊಡಿಸುವ ಬಟ್ಟೆಯ ಪೆಟ್ಟಿಗೆ) ಹಾಯಿಯಂತೆ ಉಬ್ಬಿ ಸ್ಟ್ಯಾಂಡನ್ನೇ ಉರುಳಿಸುತ್ತದೆ. ಕಾಲುಗಳನ್ನು ಪೂರ್ತಿ ಅಗಲಿಸಿ, ಮರಳು ಚೀಲ ಹೇರಿ. ಕೇಬಲ್ ರೀಲನ್ನು ಪೂರ್ತಿ ಬಿಚ್ಚಿ. ಸುತ್ತಿಟ್ಟೇ ಹೆಚ್ಚು ಲೋಡ್ ಹಾಕಿದರೆ ಒಳಗೇ ಬಿಸಿಯೇರಿ ಕವಚ ಕರಗಬಹುದು.

ಶೂಟಿಂಗ್ ವೇಳೆ ಜೋರಾಗಿ ಹಾಕುವ ಹಾಡಿನ (ಪ್ಲೇಬ್ಯಾಕ್) ಅಬ್ಬರದಲ್ಲಿ ‘ಕಟ್’ ಕೇಳಿಸದು. ನಿಲ್ಲಿಸುವ ಕೈಸನ್ನೆಯನ್ನು ಮೊದಲೇ ಎಲ್ಲರಿಗೂ ಹೇಳಿಕೊಡಿ. ಯಾರು ಮಾಡಿದರೂ ಶಾಟ್ ನಿಲ್ಲಬೇಕು, ನಿರ್ದೇಶಕರನ್ನು ಕೇಳುವಂತಿಲ್ಲ.