ಬುಟ್ಟಿ ತುಂಬುವ ತನಕ: ನನ್ನ ಓದಿನ ಅನುಭವ

ಬಿ.ಕಾಂ.ನ ನಾಲ್ಕು ಪೇಪರ್‌ಗಳು ಬಾಕಿ ಉಳಿದಿದ್ದ ವರ್ಷ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು: ಓದು ಬಿಡಿಸಿ, ತೋಟದ ಕೆಲಸಕ್ಕೆ ಹಚ್ಚಿ. ತೋಟದ ಅಡಿಕೆಯ ನಡುವೆ ಕುಳಿತೇ ಆ ನಾಲ್ಕರಲ್ಲಿ ಮೂರನ್ನು ಪಾಸು ಮಾಡಿದೆ. ಕಾಸ್ಟ್ ಅಕೌಂಟಿಂಗ್‌ನಲ್ಲಿ, ಅಂದರೆ ವೆಚ್ಚದ ಲೆಕ್ಕದ ಪೇಪರ್‌ನಲ್ಲಿ, ನಮ್ಮ ತರಗತಿಯ ಬಹಳ ಜನರಿಗಿಂತ ಹೆಚ್ಚು ಅಂಕ ಬಂತು. ಅಂದು ಆ ಮಾತಿಗೆ ತಲೆಯಾಡಿಸಿದ ಮಾವನೇ ಈಗ ತಮ್ಮ ಮಗನನ್ನು ಓದಲು ನನ್ನ ಹತ್ತಿರ ಕಳುಹಿಸುತ್ತಿದ್ದಾರೆ.

ನನ್ನಂತೆ ಆಟಿಸಂ (ಸದ್ದು, ಬದಲಾವಣೆಗಳು ಕಷ್ಟವಾಗುವ ಹುಟ್ಟುಸ್ವಭಾವ), ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ ಸ್ಥಿತಿ) ಎರಡೂ ಇರುವವರಿಗೆ ಟೈಮ್‌ಟೇಬಲ್, ಬಣ್ಣದ ಪೆನ್ನು, ಮೊಬೈಲ್ ಆ್ಯಪ್‌ಗಳ ಬಗ್ಗೆ ನಾನು ಹೇಳಬೇಕಾದ್ದೇನೂ ಇಲ್ಲ. ನಿಮ್ಮ ಮೇಜಿನ ಖಾನೆಯಲ್ಲೂ ಅವು ಬಿದ್ದಿರುತ್ತವೆ. ನನ್ನ ಖಾನೆಯ ಲೆಕ್ಕ ಹೀಗಿದೆ: ಸದ್ದು ತಡೆಯುವ ಹೆಡ್‌ಫೋನ್‌ಗೆ ಸುಮಾರು 7,000 ರೂಪಾಯಿ ಹೋಯಿತು. ಅರ್ಧ ಗಂಟೆ ಹಾಕಿಕೊಂಡರೆ ಕಿವಿಯ ಸುತ್ತ ಉರಿ, ಆಮೇಲೆ ತಲೆನೋವು. ಆ್ಯಪ್‌ನ ಚಂದಾ ವರ್ಷಕ್ಕೆ ಸಾವಿರದಷ್ಟು, ತೆರೆದದ್ದು ಒಂಬತ್ತೋ ಹತ್ತೋ ದಿನ. ಕಾಸರಗೋಡಿನಲ್ಲಿ ಟ್ಯೂಷನ್‌ಗೆ ತಿಂಗಳಿಗೆ 1,500ರಂತೆ ಐದು ತಿಂಗಳು ಕಟ್ಟಿದೆವು. ಒಂದೇ ಕೋಣೆಯಲ್ಲಿ ಮೂವತ್ತು ಮಂದಿ, ತಲೆಯ ಮೇಲೆ ಕಿರುಗುಟ್ಟುವ ಫ್ಯಾನ್. ಆ ಫ್ಯಾನಿನ ಸದ್ದು ಇಂದಿಗೂ ನೆನಪಿದೆ, ಪಾಠ ನೆನಪಿಲ್ಲ. ಆ ದುಡ್ಡು ಅಮ್ಮ ಹಾಲು ಮಾರಿ ಕೂಡಿಟ್ಟದ್ದು. ಅದು ನನ್ನನ್ನು ಈಗಲೂ ಚುಚ್ಚುತ್ತದೆ.

ತಪಾಸಣೆಗೆ ಮಂಗಳೂರಿಗೆ ನಾಲ್ಕು ಸಲ ಹೋಗಿ ಬಂದೆವು. ಮೊದಲು ಕಂಡ ವೈದ್ಯರೊಬ್ಬರು ಎರಡೂ ಒಬ್ಬರಲ್ಲೇ ಇರಲು ಸಾಧ್ಯವಿಲ್ಲ ಎಂದು ಹಿಂದೆ ಕಳುಹಿಸಿದ್ದರು. ಅಮೆರಿಕದ ಮನೋವೈದ್ಯರ ಕೈಪಿಡಿಯೂ ಎರಡನ್ನು ಒಟ್ಟಿಗೆ ಗುರುತಿಸಲು ಒಪ್ಪಿದ್ದು 2013ರಲ್ಲಿ. ಅವರು ಕಲಿತದ್ದು ಅದಕ್ಕೂ ಹಿಂದಿನ ಪಾಠ. ಅದರಿಂದ ನನ್ನ ಒಂದು ವರ್ಷ ಹೋಯಿತು. ಔಷಧಿಯ ಮಾತು ನಿಮ್ಮ ಮತ್ತು ನಿಮ್ಮ ವೈದ್ಯರ ನಡುವೆ ಇರಲಿ. ನನಗೆ ಅದು ಕುಳಿತುಕೊಳ್ಳಲು ನೆರವಾಯಿತು, ಓದುವುದನ್ನು ನಾನೇ ಕಂಡುಕೊಳ್ಳಬೇಕಾಯಿತು.

ಕೇರಳ ಗಡಿಯಲ್ಲಿರುವ ನಮ್ಮ ಕಡೆಯ ಮಕ್ಕಳಿಗೆ ಇನ್ನೊಂದು ಹೊರೆಯಿದೆ. ಮನೆಯಲ್ಲಿ ತುಳು, ಹತ್ತನೆಯ ತರಗತಿಯ ತನಕ ಕನ್ನಡ ಮಾಧ್ಯಮ, ಕಾಲೇಜಿನಲ್ಲಿ ಮಲಯಾಳದ ವಿವರಣೆ, ಕೈಯಲ್ಲಿ ಇಂಗ್ಲಿಷ್ ಪುಸ್ತಕ. ಬೇರೆಯವರು ಕೇಳುತ್ತಲೇ ಬರೆದುಕೊಳ್ಳುತ್ತಾರೆ. ನಾನು ಬರೆಯಲು ಹೊರಟರೆ ಕಿವಿ ಮುಚ್ಚಿಹೋಗುತ್ತದೆ, ಕೇಳಲು ಹೊರಟರೆ ಕೈ ನಿಲ್ಲುತ್ತದೆ. ಕೊನೆಗೆ ತರಗತಿಯಲ್ಲಿ ಬರೆಯುವುದನ್ನೇ ಬಿಟ್ಟೆ. ಶೀರ್ಷಿಕೆ ಮತ್ತು ಪುಟದ ಸಂಖ್ಯೆ, ಅಷ್ಟೇ. ಅಧ್ಯಾಪಕರೊಬ್ಬರು ಇದನ್ನು ಉದ್ಧಟತನ ಎಂದುಕೊಂಡರು. ಬೈಗುಳ ತಿಂದೆ, ಆದರೆ ಬಿಡಲಿಲ್ಲ.

ದಾರಿ ಸಿಕ್ಕಿದ್ದು ಒಂದು ಜೂನ್ ತಿಂಗಳಲ್ಲಿ, ಬದಿಯಡ್ಕದ ಸಮೀಪದ ನಮ್ಮ ಮನೆಯ ಚಾವಡಿಯಲ್ಲಿ. ಹೊರಗೆ ಮಳೆ. ಅಜ್ಜಿ ಮತ್ತು ನೆರೆಮನೆಯ ಇಬ್ಬರು ಅಕ್ಕಂದಿರು ಒಣಗಿದ ಅಡಿಕೆ ಸುಲಿಯುತ್ತಿದ್ದರು. ಕೋಣೆಯಲ್ಲಿ ಕರೆಂಟು ಹೋಗಿದ್ದರಿಂದ ಪುಸ್ತಕ ಹಿಡಿದು ಅವರ ದೀಪದ ಬಳಿ ಕುಳಿತೆ. ಕತ್ತಿಗೆ ಅಡಿಕೆ ಒತ್ತುವ ಸದ್ದು, ಸಿಪ್ಪೆ ಬೀಳುವ ಸದ್ದು, ಮತ್ತೆ ಕತ್ತಿ. ಎದ್ದಾಗ ಎರಡು ಗಂಟೆ ಕಳೆದಿತ್ತು, ಹನ್ನೊಂದು ಪುಟ ಮುಗಿದಿತ್ತು. ಅದಕ್ಕೂ ಮೊದಲು ಒಂದು ಸಂಜೆಗೆ ಮೂರು ಪುಟ ದಾಟಿದ ನೆನಪು ನನಗಿಲ್ಲ.

ಮರುದಿನದಿಂದ ಅದನ್ನೇ ಕಟ್ಟುನಿಟ್ಟಾಗಿ ಹಿಡಿದೆ. ನನ್ನೊಳಗಿನ ಒಂದು ಪಾಲಿಗೆ ಎಲ್ಲವೂ ನಿನ್ನೆಯಂತೆಯೇ ಇರಬೇಕು, ಇನ್ನೊಂದಕ್ಕೆ ಹೊಸದಿಲ್ಲದಿದ್ದರೆ ಉಸಿರುಕಟ್ಟುತ್ತದೆ. ಎರಡನ್ನೂ ಜಗಳವಿಲ್ಲದೆ ಕೂರಿಸುವುದೇ ನನ್ನ ವಿಧಾನದ ತಿರುಳು. ಚಾಪೆ ಅದೇ, ಮೂಲೆ ಅದೇ, ಏಳು ಗಂಟೆ ಅದೇ, ಸ್ಟೀಲ್ ಲೋಟವೂ ಅದೇ. ಬದಲಾಗುವುದು ವಿಷಯ ಮಾತ್ರ, ಅದೂ ಅಜ್ಜಿಯ ಅಡಿಕೆ ಬುಟ್ಟಿ ತುಂಬಿದಾಗ.

ಈ ಬುಟ್ಟಿಯೇ ನನ್ನ ಗಡಿಯಾರ. 25 ನಿಮಿಷಕ್ಕೊಮ್ಮೆ ಗಂಟೆ ಬಾರಿಸುವ ಪೊಮೊಡೊರೊ ಎಂಬ ಓದಿನ ಕ್ರಮ ನನಗೆ ಹಿಂಸೆಯಾಗಿತ್ತು. ಮನಸ್ಸು ಇಳಿಯುವುದಕ್ಕೇ ಇಪ್ಪತ್ತು ನಿಮಿಷ ಬೇಕು, ಇಳಿಯುತ್ತಿದ್ದಂತೆ ಅದು ಕಿರುಚುತ್ತದೆ. ನನಗೆ ಹೊತ್ತು ಹೋದದ್ದೂ ತಿಳಿಯುವುದಿಲ್ಲ. ಆದರೆ ಅಜ್ಜಿಯ ಬುಟ್ಟಿ ತುಂಬುವುದು ಕಣ್ಣಿಗೆ ಕಾಣುತ್ತದೆ. ಸುಮಾರು ನಲವತ್ತು ನಿಮಿಷಕ್ಕೆ ಒಂದು ಬುಟ್ಟಿ. ತುಂಬಿದೊಡನೆ ನಾನು ಎದ್ದು ಅದನ್ನು ಗೋಣಿಗೆ ಸುರಿಯಬೇಕು, ಎತ್ತುವ ಆ ಭಾರವೇ ವಿರಾಮ. ಸುರಿದು ಬರುವಾಗ ಓದಿದ್ದನ್ನು ಅಜ್ಜಿಗೆ ತುಳುವಿನಲ್ಲಿ ಹೇಳಬೇಕು. ಅಜ್ಜಿ "ಅದು ಯಾಕೆ?" ಎಂದು ಕೇಳಿದಲ್ಲಿ ನಾನು ತಡವರಿಸಿದರೆ ಆ ಪುಟಕ್ಕೆ ಗುರುತು ಹಾಕುತ್ತಿದ್ದೆ. ಪರೀಕ್ಷೆಯ ಹಿಂದಿನ ವಾರ ಓದಿದ್ದು ಆ ಗುರುತಿನ ಪುಟಗಳನ್ನು ಮಾತ್ರ.

ತಯಾರಿಕೆಯ ಪ್ರತಿ ಹಂತಕ್ಕೂ ವೆಚ್ಚ ಲೆಕ್ಕಹಾಕುವ ಪ್ರೊಸೆಸ್ ಕಾಸ್ಟಿಂಗ್ ಅರ್ಥವಾದದ್ದೂ ಅಲ್ಲೇ. ಹಣ್ಣಡಿಕೆ ಒಣಗುವುದು ಮೊದಲ ಪ್ರಕ್ರಿಯೆ, ಸುಲಿಯುವುದು ಎರಡನೆಯದು. ಒಣಗುವಾಗ ಇಳಿಯುವ ತೂಕ ಸಹಜ ನಷ್ಟ, ಅದರ ಖರ್ಚನ್ನು ಉಳಿದ ಅಡಿಕೆಯೇ ಹೊರಬೇಕು. ಅಂಗಳದಲ್ಲಿದ್ದಾಗ ಅಕಾಲ ಮಳೆ ಬಂದು ಬೂಷ್ಟು ಹಿಡಿದ ಎರಡು ಗೋಣಿ ಅಸಹಜ ನಷ್ಟ, ಅದು ನೇರವಾಗಿ ಲಾಭನಷ್ಟದ ಖಾತೆಗೆ. ಬಚ್ಚಲಿನ ಹಂಡೆಯ ಕೆಳಗೆ ಉರಿಯುವ ಸಿಪ್ಪೆ ಉಪ ಉತ್ಪನ್ನ. ಅಕ್ಕಂದಿರಿಗೆ ಆಗ ಕಿಲೋಗೆ 12 ರೂಪಾಯಿಯ ಆಸುಪಾಸಿನಲ್ಲಿ ಕೊಡುತ್ತಿದ್ದದ್ದು ಪೀಸ್ ರೇಟ್ ಕೂಲಿ. ಇಡೀ ಒಂದು ತಿಂಗಳು ಮನೆಯ ಅಡಿಕೆಯ ಕಾಸ್ಟ್ ಶೀಟ್ (ವೆಚ್ಚದ ಪಟ್ಟಿ) ಬರೆದೆ. ನಮ್ಮ ಲಾಭ ಅಪ್ಪ ಅಂದುಕೊಂಡಿದ್ದಕ್ಕಿಂತ ಕಡಿಮೆ ಎಂದು ಅದರಿಂದ ತಿಳಿಯಿತು. ಅಪ್ಪ ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ಆ ಪುಸ್ತಕವನ್ನು ಕೇಳಿ ತೆಗೆದುಕೊಂಡರು.

ಬೇರೆ ಪ್ರಯೋಗಗಳನ್ನೂ ಮಾಡಿದೆ. ಅಡಿಕೆ ಸುಲಿಯುವ ಸದ್ದನ್ನು ಮೊಬೈಲ್‌ನಲ್ಲಿ ಹಿಡಿದು ಕೋಣೆಯಲ್ಲಿ ಕೇಳಿದೆ, ಫಲಿಸಲಿಲ್ಲ. ಪಕ್ಕದಲ್ಲಿ ಮನುಷ್ಯರೇ ಇರಬೇಕು, ಅವರು ತಮ್ಮ ಕೆಲಸದಲ್ಲಿ ಮುಳುಗಿರಬೇಕು, ನನ್ನನ್ನು ನೋಡುತ್ತಿರಬಾರದು. ನಾನೇ ಸುಲಿಯುತ್ತಾ ಓದಲು ಹೋಗಿ ಹೆಬ್ಬೆರಳು ಕೊಯ್ದುಕೊಂಡೆ. ನನ್ನ ದನಿಯಲ್ಲೇ ಪಾಠ ರೆಕಾರ್ಡ್ ಮಾಡಿ ಬಸ್ಸಿನಲ್ಲಿ ಕೇಳಿದ್ದು ಆದಾಯ ತೆರಿಗೆಗೆ ಒಗ್ಗಿತು, ಉಳಿದದ್ದಕ್ಕೆ ಇಲ್ಲ. ಬಸ್ಸಿನ ಹಾರ್ನ್‌ಗೆ ಮೆಡಿಕಲ್ ಅಂಗಡಿಯ ಇಪ್ಪತ್ತು ರೂಪಾಯಿಯ, ಕಿವಿಗಿಡುವ ಸ್ಪಂಜಿನ ಬಿರಡೆ ಸಾಕಾಯಿತು. ಏಳು ಸಾವಿರದ ಹೆಡ್‌ಫೋನ್ ಈಗ ತಮ್ಮನ ಬಳಿ ಇದೆ.

ಪರೀಕ್ಷೆಯ ಹೆಚ್ಚುವರಿ ಸಮಯವನ್ನು ದಯವಿಟ್ಟು ಬಿಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇದೆ, ಎಡಿಎಚ್‌ಡಿಯ ಹೆಸರಿಲ್ಲ. ಆದ್ದರಿಂದ ಆಟಿಸಂನ ಪ್ರಮಾಣಪತ್ರ ಇಟ್ಟು ಅರ್ಜಿ ಹಾಕಿದೆ. ಅದರಲ್ಲಿ ಅಂಗವೈಕಲ್ಯ ಶೇ. 40 ಅಥವಾ ಹೆಚ್ಚು ಎಂದು ಬರೆದಿದ್ದರೆ ಮೂರು ಗಂಟೆಯ ಪರೀಕ್ಷೆಗೆ ಕನಿಷ್ಠ ಒಂದು ಗಂಟೆ ಹೆಚ್ಚು ಕೊಡಬಹುದೆಂದು ಕೇಂದ್ರದ 2018ರ ಮಾರ್ಗಸೂಚಿಯಲ್ಲಿತ್ತು. ನನಗೆ ಅದು ಸಿಗಲು ಮೂರು ಕಚೇರಿ, ಐದಾರು ಓಡಾಟ, ಬಸ್ಸು ಮತ್ತು ಜೆರಾಕ್ಸ್ ಸೇರಿ ಎಂಟುನೂರರಷ್ಟು ಖರ್ಚಾಯಿತು.

ಚಾಪೆಯಲ್ಲಿ ಕುಳಿತ ಮೊದಲ ಐದು ನಿಮಿಷ ನಾನೇನು ಮಾಡುತ್ತೇನೆ ಎಂದು ಮಾವನ ಮಗ ಕೇಳುತ್ತಲೇ ಇದ್ದಾನೆ. ಅವನಿಗೂ ಹೇಳಿಲ್ಲ, ಇಲ್ಲೂ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು, ಬಾಯಿಬಿಟ್ಟರೆ ಅದರ ಹಿಡಿತ ತಪ್ಪೀತೆಂಬ ಭಯ ನನಗೆ ನಿಜವಾಗಿಯೂ ಇದೆ.

ನಾಲ್ಕನೆಯ ಪೇಪರ್, ಸಂಖ್ಯಾಶಾಸ್ತ್ರ (ಸ್ಟ್ಯಾಟಿಸ್ಟಿಕ್ಸ್), ಈ ವಿಧಾನಕ್ಕೆ ಬಗ್ಗಿಲ್ಲ. ಅದನ್ನು ತುಳುವಿನಲ್ಲಿ ಹೇಳಲು ನನಗೆ ಬರುವುದಿಲ್ಲ, ಅಜ್ಜಿಯ "ಅದು ಯಾಕೆ?" ಎಂಬ ಪ್ರಶ್ನೆಗೆ ಪ್ರತಿ ಸಾಲಿನಲ್ಲೂ ನಿಲ್ಲುತ್ತೇನೆ. ಆ ಪಾಠಕ್ಕೆಂದೇ ಈಗ ಸುಲಿದ ಅಡಿಕೆಯನ್ನು ಪಟೋರ, ಕರಿಗೋಟು ಮುಂತಾದ ದರ್ಜೆಗಳಾಗಿ ವಿಂಗಡಿಸಿ ನೂರರಲ್ಲಿ ಎಷ್ಟೆಷ್ಟು ಎಂದು ಪ್ರತಿ ಗೋಣಿಗೂ ಬರೆದಿಡುತ್ತಿದ್ದೇನೆ. ಹದಿನಾಲ್ಕು ಗೋಣಿ ಆಗಿದೆ.