ಭೀಮನನ್ನೂ ಚಿನ್ನಿಯನ್ನೂ ಡಾಕ್ಟರ್ ಹತ್ತಿರ ಕರೆದೊಯ್ಯುವ ದಿನ

ನಮ್ಮ ಮನೆಯಲ್ಲಿ ಎರಡು ಬೆಕ್ಕುಗಳಿವೆ. ಚಿನ್ನಿಗೆ ಎರಡು ಕಣ್ಣೂ ಇಲ್ಲ. ಮರಿಯಾಗಿದ್ದಾಗ ಬೆಕ್ಕಿನ ನೆಗಡಿ ಬಂದು, ಕಣ್ಣಲ್ಲಿ ಕೀವು ತುಂಬಿ, ಕೊನೆಗೆ ತೆಗೆಸಲೇಬೇಕಾಯಿತು. ಮರಿಗಳ ಕಣ್ಣು ಹಾಳುಮಾಡುವ ಈ ನೆಗಡಿಗೆ ಹೆಚ್ಚಾಗಿ ಹರ್ಪಿಸ್ ವೈರಸ್ ಕಾರಣವಂತೆ. ಭೀಮನಿಗೆ ಹಿಂಗಾಲುಗಳಲ್ಲಿ ಜೀವ ಇಲ್ಲ. ನಮ್ಮ ಬೀದಿಯಲ್ಲೇ ಬೈಕ್ ಹರಿದು ಬೆನ್ನುಮೂಳೆ ಮುರಿದಿತ್ತು. ಮುಂಗಾಲಲ್ಲೇ ತೆವಳಿಕೊಂಡು ಮನೆಯೆಲ್ಲ ಆಳುತ್ತಾನೆ. ಉಚ್ಚೆ ಮಾತ್ರ ತಾನಾಗಿ ಹೊಯ್ಯಲಾರ. ದಿನಕ್ಕೆ ಮೂರು ಸಲ ಹೊಟ್ಟೆಯ ಕೆಳಭಾಗದಲ್ಲಿ ನಿಂಬೆಹಣ್ಣಿನ ಹಾಗೆ ಕೈಗೆ ಸಿಗುವ ಮೂತ್ರಕೋಶವನ್ನು ಮೆಲ್ಲಗೆ ಒತ್ತಿ ಖಾಲಿ ಮಾಡಿಸಬೇಕು. ಡಾಕ್ಟರು ನನ್ನ ಕೈ ಹಿಡಿದು ಕಲಿಸಿದರು. ವಿಡಿಯೊ ನೋಡಿ ಕಲಿಯುವ ಕೆಲಸ ಅಲ್ಲ ಇದು. ಜೋರಾಗಿ ಒತ್ತಿದರೆ ಒಡೆದೇ ಹೋಗಬಹುದು.

ಮೊದಲ ತಪಾಸಣೆಗೆ ಹೊರಟ ದಿನ ನಾನು ಬಹಳ ಜಾಣೆ ಅಂದುಕೊಂಡಿದ್ದೆ. ದಾರಿಯಲ್ಲಿ ಬುಟ್ಟಿ ಒದ್ದೆಯಾಗಬಾರದು ಅಂತ ಭೀಮನ ಉಚ್ಚೆಯನ್ನೆಲ್ಲ ಬೆಳಿಗ್ಗೆಯೇ ತೆಗೆದುಬಿಟ್ಟಿದ್ದೆ. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ ನಕ್ಕರು. "ಅಲ್ಲಮ್ಮಾ, ನನಗೆ ಬೇಕಾಗಿದ್ದೇ ಅದು!"

ಭೀಮನಂಥ ಬೆಕ್ಕುಗಳ ಮೂತ್ರಕೋಶ ಪೂರ್ತಿ ಖಾಲಿಯಾಗುವುದೇ ಅಪರೂಪ. ಉಳಿದ ಉಚ್ಚೆಯಲ್ಲಿ ಸೋಂಕು ಬೆಳೆಯುತ್ತದೆ. ಹಾಗಾಗಿ ಅವನ ತಪಾಸಣೆಯಲ್ಲಿ ಉಚ್ಚೆ ಪರೀಕ್ಷೆಯೇ ಮುಖ್ಯ. ಕಲ್ಚರ್ ಮಾಡಲು, ಅಂದರೆ ಉಚ್ಚೆಯಲ್ಲಿರುವ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಲು, ನೆಲದ ಮೇಲೆ ಬಿದ್ದದ್ದು ನಡೆಯುವುದಿಲ್ಲ. ಹೊಟ್ಟೆಯ ಮೂಲಕ ಸಣ್ಣ ಸೂಜಿ ಹಾಕಿ ಮೂತ್ರಕೋಶದಿಂದಲೇ ಎಳೆಯುತ್ತಾರೆ. ಅದಕ್ಕೆ ಒಳಗೆ ಒಂದಿಷ್ಟಾದರೂ ತುಂಬಿರಬೇಕಲ್ವಾ? ಅವತ್ತು ಎರಡೂವರೆ ಗಂಟೆ ಬೆಂಚಿನ ಮೇಲೆ ಕೂತು ಕಾದೆ. ಭೀಮ ಸುಖವಾಗಿ ನಿದ್ದೆ ಮಾಡಿದ. ಈಗೆಲ್ಲ ಹೊರಡುವ ಮುಂಚೆ ಒತ್ತುವುದಿಲ್ಲ. ರಾತ್ರಿ ಕೊನೆಯ ಸಲ ತೆಗೆದಿರುತ್ತೇನೆ, ಬೆಳಗಿನ ಮೊದಲ ಅಪಾಯಿಂಟ್‌ಮೆಂಟ್ ಕೇಳುತ್ತೇನೆ. ಬುಟ್ಟಿಯಲ್ಲಿ ಮಕ್ಕಳ ಡೈಪರ್ ಬಿಚ್ಚಿ ಹಾಸಿ, ಅದರ ಮೇಲೆ ಹಳೇ ಟವಲ್. ಸೋರಿದರೆ ಸೋರಲಿ. ಸ್ಯಾಂಪಲ್ ಕೊಟ್ಟ ಮೇಲೆ ಅಲ್ಲೇ ಖಾಲಿ ಮಾಡಿಸಿಕೊಂಡು ಬರುತ್ತೇನೆ.

ಚಿನ್ನಿಯ ಕಥೆ ಬೇರೆ. ಬೆಕ್ಕಿನ ಬುಟ್ಟಿಗೆ ಬಟ್ಟೆ ಮುಚ್ಚಿದರೆ ಸುಮ್ಮನಿರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಕಣ್ಣೇ ಇಲ್ಲದವಳಿಗೆ ಬಟ್ಟೆ ಮುಚ್ಚಿ ಏನು ಮರೆಮಾಡಲಿ? ಅವಳ ಪ್ರಪಂಚ ಇರುವುದು ವಾಸನೆಯಲ್ಲಿ, ಸದ್ದಿನಲ್ಲಿ. ಬುಟ್ಟಿಯನ್ನು ಹೊರಡುವ ದಿನ ಅಟ್ಟದಿಂದ ಇಳಿಸುವುದನ್ನು ನಿಲ್ಲಿಸಿದೆ. ಈಗ ಅದು ವರ್ಷವಿಡೀ ಬಾಗಿಲು ತೆರೆದುಕೊಂಡು ಹಾಲ್‌ನ ಒಂದೇ ಮೂಲೆಯಲ್ಲಿರುತ್ತದೆ. ಒಳಗೆ ನನ್ನ ಒಗೆಯದ ಹಳೇ ನೈಟಿ. ಮಧ್ಯಾಹ್ನದ ನಿದ್ದೆ ಅವಳಿಗೆ ಅಲ್ಲೇ. ಮೇಲಿನ ಮುಚ್ಚಳ ಕಳಚುವಂಥ ಬುಟ್ಟಿಯನ್ನೇ ತೆಗೆದುಕೊಳ್ಳಿ, ಇನ್ನೂರು ರೂಪಾಯಿ ಜಾಸ್ತಿಯಾದರೂ ಪರವಾಗಿಲ್ಲ. ಮುಚ್ಚಳ ತೆಗೆದರೆ ಸಾಕು, ಚಿನ್ನಿ ತನ್ನ ನೈಟಿಯ ಮೇಲೆ ಕೂತೇ ಪರೀಕ್ಷೆ ಮಾಡಿಸಿಕೊಳ್ಳುತ್ತಾಳೆ. ಗೊತ್ತಿಲ್ಲದ ತಣ್ಣನೆಯ ಸ್ಟೀಲ್ ಮೇಜಿನ ಮೇಲೆ ಇಟ್ಟರೆ ಅಂಚು ಎಲ್ಲಿದೆಯೋ ತಿಳಿಯದೆ ನಡುಗುತ್ತಾಳೆ.

ಸದ್ದಿಗೆ ಮಾತ್ರ ಪೂರ್ತಿ ಪರಿಹಾರ ಸಿಕ್ಕಿಲ್ಲ. ಬೆಂಗಳೂರಿನ ಆಟೋ, ಹಂಪು, ಹಾರ್ನು ಇದ್ದದ್ದೇ. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಮಾತಾಡುತ್ತಿರುತ್ತೇನೆ. ಒಬ್ಬ ಆಟೋದವರು ನಾನು ಫೋನಲ್ಲಿದ್ದೇನೆ ಅಂದುಕೊಂಡಿದ್ದರು. ಕ್ಲಿನಿಕ್ಕಿನಲ್ಲಿ ನಾಯಿಗಳಿದ್ದರೆ ಒಳಗೆ ಕೂರುವುದಿಲ್ಲ. ಹೊರಗೆ ನಿಂತು, ನಮ್ಮ ಸರದಿ ಬಂದಾಗ ಫೋನ್ ಮಾಡಿ ಅಂತ ಹೇಳುತ್ತೇನೆ. ಮುಟ್ಟುವ ಮೊದಲು ಹೆಸರು ಹಿಡಿದು ಕರೆಯಲು ಡಾಕ್ಟರಿಗೂ ಹೇಳಿದ್ದೇನೆ. ಮೊದಲಿಗೆ ಅವರಿಗೆ ತಮಾಷೆ ಅನಿಸಿತ್ತು. ಈಗ ಬಾಗಿಲಲ್ಲೇ "ಏನೇ ಚಿನ್ನಿ" ಅನ್ನುತ್ತಾರೆ. ಭಯ ಜಾಸ್ತಿ ಇರುವ ಬೆಕ್ಕುಗಳಿಗೆ ಹೊರಡುವ ಸುಮಾರು 2 ಗಂಟೆ ಮುಂಚೆ ಗ್ಯಾಬಾಪೆಂಟಿನ್ ಅನ್ನುವ ಭಯ ಇಳಿಸುವ ಔಷಧಿ ಕೊಡಿಸುವುದುಂಟು. ಪ್ರಮಾಣ ಡಾಕ್ಟರೇ ಹೇಳಬೇಕು. ಚಿನ್ನಿಗೆ ಒಮ್ಮೆ ಕೊಟ್ಟಿದ್ದೆವು. ಭಯ ಇಳಿಯಿತು, ಆದರೆ ಸಂಜೆಯವರೆಗೆ ಓಲಾಡುತ್ತಿದ್ದಳು. ಕಣ್ಣಿಲ್ಲದವಳು ಓಲಾಡುವುದನ್ನು ನೋಡಲಾಗಲಿಲ್ಲ. ಆಮೇಲೆ ಬೇಡ ಅಂದೆ.

ಒಮ್ಮೆ ಭೀಮನಿಗೆ ಜ್ವರ ಅಂದಾಗ ಪಕ್ಕದ ಮನೆಯವರು "ಅರ್ಧ ಪ್ಯಾರಾಸಿಟಮಾಲ್ ಹಾಕಿಬಿಡಿ, ಆಸ್ಪತ್ರೆ ಯಾಕೆ" ಅಂದರು. ಬೆಕ್ಕಿನ ಮೈಗೆ ಆ ಔಷಧಿಯನ್ನು ಅರಗಿಸುವ ಶಕ್ತಿ ಇಲ್ಲ. ಒಂದು ಮಾತ್ರೆ ಸಾಕು, ಜೀವ ಹೋಗಬಹುದು. ಮುಟ್ಟಿ ನೋಡಿ ಜ್ವರ ಅನ್ನುವುದೂ ತಪ್ಪು. ಬೆಕ್ಕಿನ ಮೈ ನಮಗಿಂತ ಬಿಸಿ, 101, 102 ಡಿಗ್ರಿ ಫ್ಯಾರನ್‌ಹೀಟ್ ಇದ್ದರೂ ಅದಕ್ಕೆ ಸರಿಯೇ.

ಇನ್ನೊಂದು ಅಭ್ಯಾಸ ಬೆಳೆಸಿಕೊಂಡಿದ್ದೇನೆ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಭೀಮನ ಉಚ್ಚೆಯ ಬಣ್ಣ, ವಾಸನೆ, ಎಷ್ಟು ತಿಂದ, ಹೊಟ್ಟೆಯ ಚರ್ಮ ಕೆಂಪಾಗಿದೆಯಾ ಅಂತ ಬರೆದಿಡುತ್ತೇನೆ. ಕ್ಲಿನಿಕ್ಕಿಗೆ ಹೋದ ಮೇಲೆ ಎರಡೂ ಕಲ್ಲಿನ ಬೆಕ್ಕುಗಳಾಗುತ್ತವೆ, ಏನೂ ತೋರಿಸುವುದಿಲ್ಲ. ಹೋದ ಸಲ ಆ ಪುಟ ನೋಡಿಯೇ ಡಾಕ್ಟರು ಸೋಂಕು ಇರಬಹುದು ಅಂದರು. ಮೂರನೇ ದಿನ ಬಂದ ಕಲ್ಚರ್ ರಿಪೋರ್ಟ್ ಅದನ್ನೇ ಹೇಳಿತು. ನಮ್ಮ ಅತ್ತೆ ಪುಸ್ತಕ ನೋಡಿ, "ನನ್ನ ಮಗನ ಬಿಪಿಯನ್ನೂ ಹೀಗೇ ಬರೆದಿಡಮ್ಮ" ಅಂದರು.

ವಾಪಸ್ ಬಂದ ಮೇಲಿನ ಜಗಳವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಭೀಮನ ಮೈಯಲ್ಲಿ ಆಸ್ಪತ್ರೆ ವಾಸನೆ. ಚಿನ್ನಿಗೆ ಅವನು ಬೇರೆ ಯಾರೋ. ಬುಸುಗುಟ್ಟಿ ಪಂಜದಿಂದ ಹೊಡೆದೇಬಿಟ್ಟಳು. ಪಾಪ, ಅವನಿಗೆ ಓಡುವುದಕ್ಕೂ ಆಗಲ್ಲ. ಈಗ ಬಂದ ಕೂಡಲೇ ಅವನನ್ನು ರೂಮಿನಲ್ಲಿ ಬಿಟ್ಟು ಬಾಗಿಲು ಹಾಕುತ್ತೇನೆ. ಚಿನ್ನಿ ಮಲಗುವ ಬಟ್ಟೆಯಿಂದ ಅವನ ಬೆನ್ನು, ಕತ್ತು ಒರೆಸುತ್ತೇನೆ. ರಾತ್ರಿ ಊಟದ ಹೊತ್ತಿಗೆ ಬಾಗಿಲು ತೆಗೆದರೆ ಚಿನ್ನಿ ಬಂದು ಅವನ ಕಿವಿ ಮೂಸಿ, ತಟ್ಟೆಯ ಕಡೆ ಹೋಗುತ್ತಾಳೆ.